ರೂಮು ನೋಡಿ ಹೋದವಳು

ನಮ್ಮ ಹಿಟ್ಟಿನ ಗಿರಣಿ ಇರುವುದು ಊರ ಸ್ಮಶಾನದ ಪಕ್ಕದಲ್ಲಿ. ಕರೆಂಟು ಬರುವುದೇ ಸಂಜೆಯ ಹೊತ್ತಿಗೆ ಆದ್ದರಿಂದ, ಕತ್ತಲಾದ ಮೇಲೂ ಒಬ್ಬಳೇ ಕೂತು ಎಷ್ಟೋ ದಿನ ಜೋಳ, ರಾಗಿ ಬೀಸಿದ್ದೇನೆ. "ಹೆದ್ರಿಕೆ ಆಗಲ್ಲೇನವ್ವ ನಿಂಗೆ?" ಎಂದು ಕೇಳಿದವರಿಗೆಲ್ಲ ನನ್ನದು ಒಂದೇ ಉತ್ತರ: "ಸತ್ತೋರು ಹಿಟ್ಟು ಬೀಸಿಸಾಕೆ ಬರಲ್ಲ ಬಿಡ್ರಿ." ಮೈಮೇಲೆ ಬರುವುದು, ಕನಸಿನಲ್ಲಿ ಬಂದು ಹೇಳುವುದು, ಗಾಳಿ ಸೋಕುವುದು ಇವೆಲ್ಲ ಕೆಲಸವಿಲ್ಲದವರ ಮಾತು ಎಂದೇ ತಿಳಿದು ಬಂದವಳು ನಾನು. ಈಗಲೂ ಯಾರಾದರೂ ಬಂದು ಇಂಥ ಕಥೆ ಶುರು ಮಾಡಿದರೆ ಬೆಲ್ಟು ಜೋಡಿಸಿ ಗಿರಣಿ ಚಾಲೂ ಮಾಡಿಬಿಡುತ್ತೇನೆ, ಆ ಸದ್ದಿನಲ್ಲಿ ಅವರ ಮಾತು ಕೇಳಿಸುವುದಿಲ್ಲ. ಅಂಥವಳು ಈಗ ನಿಮ್ಮನ್ನು ಕೂರಿಸಿಕೊಂಡು ಇದನ್ನು ಹೇಳುತ್ತಿದ್ದೇನೆ. ನಂಬಿ ಎಂದು ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಮೊದಲು ನನ್ನ ಮೈಯ ಬಗ್ಗೆ ಹೇಳಬೇಕು. ನಾನು ದಪ್ಪನೆಯ ಹೆಂಗಸು. ಚಿಕ್ಕವಳಿದ್ದಾಗಿನಿಂದ ಕೇಳಿಸಿಕೊಳ್ಳದ ಮಾತಿಲ್ಲ. ಮದುವೆಗೆ ನೋಡಲು ಬಂದವರು ಕಾಫಿ ಕುಡಿದು, ಎದ್ದು, ಮತ್ತೆ ಸುದ್ದಿ ಕಳಿಸುತ್ತಿರಲಿಲ್ಲ. ಕೊನೆಗೆ ಒಪ್ಪಿದ ನನ್ನ ಗಂಡ ತೆಳ್ಳಗಿನ ಮನುಷ್ಯ. ಗಿರಣಿಗೆ ಬಂದ ಮೂಟೆಗಳನ್ನು ಇಳಿಸುವವಳು ನಾನೇ. ಒಂದು ವರ್ಷ ನಮ್ಮ ಶಿಕಾರಿಪುರ ತಾಲ್ಲೂಕಿನ ಮಹಿಳಾ ಸಂಘಗಳ ಆಟೋಟದಲ್ಲಿ ಹಗ್ಗ ಜಗ್ಗಾಟಕ್ಕೆ ಜನ ಕಡಿಮೆ ಬಿದ್ದು ನನ್ನನ್ನು ಎಳೆದು ನಿಲ್ಲಿಸಿದರು. ಎಲ್ಲರಿಗಿಂತ ಹಿಂದೆ, ಹಗ್ಗವನ್ನು ಹೆಗಲ ಮೇಲಿಂದ ಬೆನ್ನಿಗೆ ಸುತ್ತಿಕೊಂಡು ನಿಲ್ಲುವ ಜಾಗ ಅದು. ನಾನು ಹಿಮ್ಮಡಿಯನ್ನು ನೆಲಕ್ಕೆ ಊರಿ ಹಿಂದಕ್ಕೆ ವಾಲಿದೆ. ಎದುರಿನವರು ಒಬ್ಬರ ಮೇಲೊಬ್ಬರು ಬಿದ್ದರು. ನನ್ನ ಮೈಯನ್ನು ಜನ ನೋಡಿ ಚಪ್ಪಾಳೆ ಹೊಡೆದದ್ದು ಅದೇ ಮೊದಲು.

ಆಮೇಲೆ ಜಿಲ್ಲೆಯಲ್ಲಿ ಆಡಿದೆವು. ಅಲ್ಲಿ ನಮಗೆ ಬದ್ಧ ವೈರಿಗಳೆಂದರೆ ಸೊರಬದವರು. ಅವರು ನಮ್ಮನ್ನು ಒಂದು ಸಲ, ನಾವು ಅವರನ್ನು ಒಂದು ಸಲ ಸೋಲಿಸಿದ್ದಾಯಿತು. ನಮಗೆ ಕಲಿಸುತ್ತಿದ್ದವರು ಸರ್ಕಾರಿ ಶಾಲೆಯಿಂದ ನಿವೃತ್ತರಾದ ಡ್ರಿಲ್ ಮೇಷ್ಟ್ರು. ಅವರು ಎರಡೂ ಕಡೆಯಿಂದ ನಾಲ್ಕು ನಾಲ್ಕು ಜನರನ್ನು ಆರಿಸಿ ಒಂದು ತಂಡ ಮಾಡಿದರು. ಹರಿಯಾಣದ ಒಂದು ಊರಿನಲ್ಲಿ ಗ್ರಾಮೀಣ ಮಹಿಳೆಯರ ದೊಡ್ಡ ಕ್ರೀಡಾಕೂಟವಿತ್ತು, ಅಲ್ಲಿಗೆ ನಮ್ಮ ತಂಡ ಹೋಗುವುದೆಂದಾಯಿತು. ನಾಯಕಿ ಸೊರಬ ಕಡೆಯ ಸಾವಿತ್ರಕ್ಕ. ಚಂದ್ರಗುತ್ತಿ ಬೆಟ್ಟದ ಬುಡದಲ್ಲಿ ಅವಳ ಮನೆ, ಹೊಲ. ನನ್ನ ಮುಂದೆ ನಿಲ್ಲುವವಳು ನಮ್ಮ ಕಡೆಯ ಕುರಿಗಾರರ ಮನೆಯ ರತ್ನವ್ವ. ಯಾರಿಗಾದರೂ ಪೆಟ್ಟಾದರೆ ಇರಲಿ ಎಂದು ಉಡುತಡಿಯ ನೀಲಮ್ಮನನ್ನು ಒಂಬತ್ತನೆಯವಳಾಗಿ ಸೇರಿಸಿ ಅವಳಿಗೂ ಟಿಕೆಟ್ ಮಾಡಿಸಿದ್ದರು.

ಅಂಬ್ಲಿಗೊಳ ಡ್ಯಾಮಿನ ಕೆಳಗಿನ ಬಯಲಿನಲ್ಲಿ ಭಾನುವಾರ ಭಾನುವಾರ ಸೇರಿ ಜಗ್ಗಿದೆವು. ನಿಜ ಹೇಳಬೇಕೆಂದರೆ ನಾವು ಒಂದು ತಂಡ ಆಗಲೇ ಇಲ್ಲ. ಸೊರಬದವರು "ಐ" ಎನ್ನುವಾಗಲೇ ಎಳೆಯುತ್ತಿದ್ದರು. ನಮ್ಮದು "ಐಸಾ" ಎಂದು ಮುಗಿದ ಮೇಲೆ ಎಳೆಯುವ ರೂಢಿ. ಅವರು ಎಳೆದಾಗ ನಾವು ಸಡಿಲ, ನಾವು ಎಳೆದಾಗ ಅವರು ಸಡಿಲ. ಮೇಷ್ಟ್ರು ಗಂಟಲು ಕಟ್ಟುವಷ್ಟು ಕೂಗಿದರು. ತಂದ ಬುತ್ತಿಯನ್ನೂ ಅವರು ಒಂದು ಮರದ ಕೆಳಗೆ, ನಾವು ಇನ್ನೊಂದು ಮರದ ಕೆಳಗೆ ಕೂತು ತಿನ್ನುತ್ತಿದ್ದೆವು.

ರೈಲು ಹುಬ್ಬಳ್ಳಿಯಿಂದ, ಬೆಳಿಗ್ಗೆ ಬೇಗನೆ. ಎರಡು ರಾತ್ರಿಯ ಪ್ರಯಾಣ. ನಮ್ಮ ಊರುಗಳಿಂದ ಆ ಹೊತ್ತಿಗೆ ಅಲ್ಲಿಗೆ ತಲುಪುವ ಬಸ್ಸಿಲ್ಲ. ಹಿಂದಿನ ದಿನವೇ ಹೋಗಿ ಸ್ಟೇಷನ್ ಹತ್ತಿರ ಉಳಿಯಬೇಕು. ಮೇಷ್ಟ್ರು ತಂಡದ ಹೆಸರು ಬರೆಸುವ ಕೆಲಸಕ್ಕೆಂದು ಮೊದಲೇ ಹರಿಯಾಣಕ್ಕೆ ಹೊರಟುಹೋಗಿದ್ದರು. ಗಿರಣಿಯ ಬೆಲ್ಟು, ಕಲ್ಲು ತರಲು ಹುಬ್ಬಳ್ಳಿಗೆ ಹೋಗಿ ಬಂದು ಗೊತ್ತಿದ್ದವಳು ನಾನೊಬ್ಬಳೇ ಆದ್ದರಿಂದ ಲಾಡ್ಜ್ ಗೊತ್ತು ಮಾಡುವ ಕೆಲಸ ನನ್ನ ತಲೆಗೆ ಬಂತು. ಫೋನಿನಲ್ಲಿ ಫೋಟೋ ನೋಡಿ ನೋಡಿ, ಗೋಡೆಗೆ ಹಸಿರು ಬಣ್ಣ, ಬಾಗಿಲಲ್ಲಿ ಹೂವಿನ ಕುಂಡ ಇದ್ದ ಒಂದನ್ನು ಆರಿಸಿ, ಮಾತಾಡಿ, ಎರಡು ರೂಮು ಇಡಿಸಿದೆ. ಹೊರಡುವ ಹಿಂದಿನ ದಿನ ನೀಲಮ್ಮನ ಮಗಳಿಗೆ ಹೆರಿಗೆ ನೋವು ಬಂತು. "ನಾ ಬರಾಕಾಗಲ್ಲ ಕಣವ್ವ, ನೀವು ಗೆದ್ದು ಬರ್ರಿ" ಎಂದು ಆಸ್ಪತ್ರೆಯಿಂದ ಫೋನು ಮಾಡಿದಳು. ಹಾಗಾಗಿ ಉಳಿದವರು ಎಂಟೇ ಜನ. ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಸೊರಬದವರು ಕೂಡಿಕೊಂಡರು. ಬಸ್ಸಿನಲ್ಲಿ ಅವರು ಮುಂದೆ, ನಾವು ಹಿಂದೆ. ಅಭ್ಯಾಸದ ಹಗ್ಗವನ್ನು ಸುರುಳಿ ಸುತ್ತಿ, ಗೋಣಿಚೀಲದಲ್ಲಿ ಹಾಕಿ ಬಾಯಿ ಹೊಲಿದು ತಂದಿದ್ದೆವು.

ಹುಬ್ಬಳ್ಳಿಗೆ ಇಳಿದಾಗ ಇನ್ನೂ ಬಿಸಿಲಿತ್ತು. ನಾನು ಆರಿಸಿದ ಲಾಡ್ಜಿನ ಹೂವಿನ ಕುಂಡಗಳು ಫೋಟೋದಲ್ಲಿ ಮಾತ್ರ ಇದ್ದವು. ಮೆಟ್ಟಿಲ ಮೇಲೆ ನಾಲ್ಕೈದು ಗಂಡಸರು ಕೂತು ಕುಡಿಯುತ್ತಿದ್ದರು. ನಾವು ಹತ್ತುವಾಗ ಜರುಗಲೂ ಇಲ್ಲ, ನನ್ನನ್ನು ನೋಡಿ ಒಬ್ಬ ಏನೋ ಅಂದ, ಉಳಿದವರು ನಕ್ಕರು. ಮ್ಯಾನೇಜರು ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಹೇಳಿದ ರೂಮು ಇಲ್ಲ, ಬೇರೆ ಬೇರೆ ಮಹಡಿಯಲ್ಲಿ ಕೊಡುತ್ತೇನೆ ಎಂದ. ಸಾವಿತ್ರಕ್ಕ ನನ್ನ ಮುಖವನ್ನೂ ನೋಡದೆ, "ಎಂಥ ಲಾಡ್ಜ್ ಮಾರಾಯ್ತಿ ಇದು, ನಡಿರೇ" ಎಂದು ಇಳಿದಳು. ಅಲ್ಲಿಂದ ಮುಂದಿನದು ಮದುವೆ ದಿಬ್ಬಣದಿಂದ ತುಂಬಿಹೋಗಿತ್ತು. ಚೀಲ ಹೊತ್ತುಕೊಂಡು ಸ್ಟೇಷನ್ನಿನ ಇನ್ನೊಂದು ಮಗ್ಗುಲಿಗೆ ಸುತ್ತು ಹಾಕಿ ಬಂದೆವು. ಸೊರಬದವರ ಗೊಣಗಾಟ ಹಿಂದಿನಿಂದ ಕೇಳುತ್ತಲೇ ಇತ್ತು. ಕೆಳಗೆ ಖಾನಾವಳಿ, ಮೇಲೆ ರೂಮುಗಳು ಇದ್ದ ಒಂದು ಹಳೆಯ ಕಟ್ಟಡ ಕಂಡಿತು. ಫೋನಿನಲ್ಲಿ ಎಲ್ಲೂ ನೋಡದ ಲಾಡ್ಜ್ ಅದು. ಬಾಗಿಲಿಗೆ ಹೋಗುವಷ್ಟರಲ್ಲಿ ಕೌಂಟರಿನಲ್ಲಿದ್ದ ಯಜಮಾನರು ಎದ್ದೇ ನಿಂತರು.

"ಬರ್ರಿ ಅಕ್ಕಾರ, ಯಾಕಿಷ್ಟ ತಡಾ ಮಾಡಿದ್ರಿ? ನಿಮ್ಮಾಕಿ ಬಂದು ರೂಮು ನೋಡಿ ಹೋಗಿ ಬಾಳ ಹೊತ್ತಾತು."

"ನಮ್ಮೋರು ಯಾರೂ ಬಂದಿಲ್ರಿ" ಎಂದೆ.

"ಬಂದಿದ್ರಲ್ರಿ, ದೊಡ್ಡಾಳು ಅಕ್ಕಾರು. ಎರಡೂ ರೂಮು ನೋಡಿದ್ರು, ಕಿಡಕಿ ತಗದು ನೋಡಿದ್ರು. ಮಂಚ ತಗಸ್ರಿ, ನಮ್ಮೋರು ದೊಡ್ಡ ದೊಡ್ಡಾಳು, ನೆಲದ ಮ್ಯಾಲೆ ಗಾದಿ ಹಾಕ್ರಿ ಅಂದ್ರು. ಹಗ್ಗದ ಚೀಲ ತರ್ತಾರ, ಅದನ್ನ ಒಳಗ ಇಡಸ್ರಿ ಅಂದ್ರು."

ನಾನು ಗೋಣಿಚೀಲ ನೋಡಿದೆ. ಹೊಲಿದ ಬಾಯಿ ಹಾಗೇ ಇತ್ತು. ಇದು ಗಿರಾಕಿ ಹಿಡಿಯುವ ಹೊಸ ಉಪಾಯ ಇರಬೇಕು, ಬಸ್ ಸ್ಟ್ಯಾಂಡಿನಲ್ಲಿ ಯಾರೋ ನಮ್ಮ ಮಾತು ಕೇಳಿಸಿಕೊಂಡು ಇವರಿಗೆ ಹೇಳಿದ್ದಾರೆ ಎಂದುಕೊಂಡೆ. ಮನಸ್ಸಿಗೆ ಅದು ಸರಿಹೋಯಿತು. ಸಾವಿತ್ರಕ್ಕ ಮಾತ್ರ ನನ್ನ ತೋಳು ಹಿಡಿದು, "ಇದು ಬ್ಯಾಡ ಕಣೆ, ಬೇರೆ ನೋಡನ" ಎಂದಳು. ರತ್ನವ್ವ ಅಷ್ಟರಲ್ಲೇ ಚೀಲ ಇಳಿಸಿ ಮೆಟ್ಟಿಲ ಮೇಲೆ ಕೂತಾಗಿತ್ತು. "ಇನ್ನೊಂದು ಹೆಜ್ಜೆ ನಾ ಇಡಲ್ಲ. ದೆವ್ವನಾದ್ರೂ ಇರ್ಲಿ, ಬಿಸಿನೀರು ಇದ್ರೆ ಸಾಕು" ಎಂದಳು. ನಕ್ಕೆವು. ನಾನು ಹೆಸರು ಬರೆಸಿದೆ.

ರೂಮುಗಳು ಚೊಕ್ಕಟವಾಗಿದ್ದವು. ನೆಲದ ಮೇಲೆ ಗಾದಿ ಹಾಸಿಯಾಗಿತ್ತು. ನಮ್ಮ ಕಡೆಯವರು ಒಂದು ರೂಮಿಗೆ ನುಗ್ಗುವಾಗ ಯಜಮಾನರು ಹಿಂದೆಯೇ ಬಂದು, "ಹಂಗಲ್ರಿ, ಎರಡೂ ಕಡೇದೋರನ್ನ ಕೂಡಿಸಿ ಹಾಕ್ರಿ ಅಂತ ಆ ಅಕ್ಕಾರು ಹೇಳಿ ಹೋಗ್ಯಾರ. ಒಂದೊಂದ್ರಾಗ ಆ ಕಡೇದೋರು ಇಬ್ರು, ಈ ಕಡೇದೋರು ಇಬ್ರು" ಎಂದರು. ಎರಡು ಕಡೆ ಯಾವುವು ಎಂದು ಅವರಿಗೆ ಗೊತ್ತಿರಲಿಲ್ಲ, ಹೇಳಿದ್ದನ್ನು ಹೇಳಿದರಷ್ಟೆ. ಸೊರಬದವರು ಚೀಲ ಹಿಡಿದು ಬಾಗಿಲಲ್ಲೇ ನಿಂತರು. ಕೊನೆಗೆ ಸಾವಿತ್ರಕ್ಕನೇ ತನ್ನ ಚೀಲ ತಂದು ನನ್ನ ಗಾದಿಯ ಪಕ್ಕ ಇಟ್ಟಳು.

ಅವತ್ತಿನ ಸಂಜೆಯನ್ನು ನಾನು ಮರೆಯುವುದಿಲ್ಲ. ಅದರಲ್ಲಿ ದೆವ್ವದ್ದೇನೂ ಇಲ್ಲ. ಸೊರಬದವಳೊಬ್ಬಳು ತಂದಿದ್ದ ಹಲಸಿನ ಹಪ್ಪಳ ಬಿಚ್ಚಿದಳು. ರತ್ನವ್ವ ತನ್ನ ಕುರಿಹಿಂಡಿನ ಕಥೆ ಹೇಳಿ ನಗಿಸಿದಳು. ಆಮೇಲೆ ತಾರಸಿಗೆ ಹಗ್ಗ ಒಯ್ದು ಸುಮ್ಮನೆ ಹಿಡಿದು ನಿಂತು ಕೂಗುವುದನ್ನೇ ಅಭ್ಯಾಸ ಮಾಡಿದೆವು. "ಐ" ಅನ್ನುವಾಗ ಉಸಿರು, "ಸಾ" ಅನ್ನುವಾಗ ಕಾಲು. ಇಷ್ಟು ಸಣ್ಣ ವಿಷಯವನ್ನು ಅಷ್ಟು ಭಾನುವಾರಗಳಲ್ಲಿ ನಾವು ಕೂತು ಮಾತಾಡಿರಲೇ ಇಲ್ಲ. ಎಂಟು ಜನರ ಕಾಲು ಒಂದೇ ಸಲ ನೆಲಕ್ಕೆ ಬಿದ್ದಾಗ ಕೆಳಗಿನಿಂದ ಯಜಮಾನರು, "ಕಟ್ಟಡ ಉಳಸ್ರಿ ಯವ್ವ" ಎಂದು ಕೂಗಿದರು.

ಊಟಕ್ಕೆ ಇಳಿದಾಗ ಒಂಬತ್ತು ತಟ್ಟೆ ಹಾಕಿದ್ದರು. ಎಂಟೇ ಜನ ಎಂದರೆ ಬಡಿಸುವವಳು, "ಇನ್ನೊಬ್ರು ಮ್ಯಾಲ ನಿಮ್ಮ ಹಿಂದನ ನಿಂತಿದ್ರಲ್ರಿ, ತಾರಸಿ ಮ್ಯಾಲ" ಎಂದಳು. ನೀರು ಕೊಡಲು ಮೇಲೆ ಬಂದಾಗ ನೋಡಿದಳಂತೆ. ಸಾವಿತ್ರಕ್ಕ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ನಾನು ಜೋರಾಗಿ, "ಲಾಡ್ಜಿನೋರು ಯಾರೋ ಬಟ್ಟೆ ತೆಗೆಯಾಕೆ ಬಂದಿರ್ತಾರೆ" ಎಂದು ಎಣ್ಣೆಗಾಯಿ ಬಡಿಸಿಕೊಂಡೆ. ಮಲಗಿದವರಿಗೆ ಅಂಥ ನಿದ್ದೆ ಬಂತು ಎಂದರೆ ಫೋನಿನ ಅಲಾರಾಂ ಒಬ್ಬರಿಗೂ ಕೇಳಿಸಲಿಲ್ಲ.

ನನ್ನನ್ನು ಎಬ್ಬಿಸಿದ್ದು ಹೆಗಲ ಮೇಲೆ ಬಿದ್ದ ಒಂದು ಕೈ. ಅಗಲವಾದ, ಜಡ್ಡುಗಟ್ಟಿದ, ಬೆಚ್ಚಗಿನ ಕೈ. ಎರಡು ಸಲ ಅಲುಗಿಸಿತು. ಸಾವಿತ್ರಕ್ಕ ಎಂದುಕೊಂಡು, "ಎದ್ದೆ, ಎದ್ದೆ" ಎಂದು ಕಣ್ಣು ಬಿಟ್ಟರೆ ಅವಳೂ ಆಗ ತಾನೇ ಎದ್ದು ಕೂತು, "ಎದ್ದೆ ಕಣೆ, ಎಂತಕೆ ಅಷ್ಟು ಜೋರು ಅಲ್ಲಾಡಿಸ್ತಿ" ಎಂದು ನನಗೇ ಹೇಳುತ್ತಿದ್ದಳು. ಪಕ್ಕದ ರೂಮಿನಲ್ಲೂ ದೀಪ ಹತ್ತಿತ್ತು. ಎಬ್ಬಿಸಿದವರು ಯಾರು ಎಂದು ಕೇಳಿಕೊಳ್ಳಲು ಆಗ ಪುರಸೊತ್ತಿರಲಿಲ್ಲ. ಮುಖ ತೊಳೆದು, ಚೀಲ ಹೊತ್ತು ಓಡಿದೆವು. ನಾವು ಹತ್ತಿ ಚೀಲ ಇಡುವಷ್ಟರಲ್ಲಿ ರೈಲು ಜರುಗಿತು. ಎಂಟು ಜನ ದಪ್ಪ ಹೆಂಗಸರು ಪ್ಲಾಟ್‌ಫಾರ್ಮಿನ ಮೇಲೆ ಹಗ್ಗ ಹೊತ್ತು ಓಡಿದ್ದನ್ನು ನೆನೆದು ಬೆಳಗಾವಿ ದಾಟುವವರೆಗೂ ನಕ್ಕೆವು. ಯಾರು ಎಬ್ಬಿಸಿದ್ದು ಎಂಬ ಮಾತು ಬಂದದ್ದು ನಗು ಮುಗಿದ ಮೇಲೆ. ಪ್ರತಿಯೊಬ್ಬಳೂ ಇನ್ನೊಬ್ಬಳ ಕಡೆ ಬೆರಳು ತೋರಿಸಿದಳು. ಎಬ್ಬಿಸಿದೆ ಎಂದವಳು ಒಬ್ಬಳೂ ಇರಲಿಲ್ಲ.

ನೀಲಮ್ಮನ ಸೀಟು ನಮ್ಮ ನಡುವೆಯೇ ಇತ್ತು. ದೂರದ ರೈಲಿನಲ್ಲಿ ಖಾಲಿ ಸೀಟು ಎಂದರೆ ಒಂದು ಗಳಿಗೆ ಉಳಿಯುವುದಿಲ್ಲ. ಆದರೆ ಅದರ ಹತ್ತಿರ ಬಂದವರು ಒಮ್ಮೆ ನೋಡಿ, ಸುಮ್ಮನೆ ಮುಂದೆ ಹೋದರು. ಟಿಕೆಟ್ ನೋಡಲು ಬಂದವರು ನಮ್ಮನ್ನು ಕಣ್ಣಲ್ಲೇ ಎಣಿಸಿ, ಒಂಬತ್ತೂ ಸರಿ ಇದೆ ಎಂದು ಹೊರಟರು. ಒಬ್ಬಳು ಬಂದಿಲ್ಲ ಎಂದು ಹೇಳಲು ಬಾಯಿ ತೆರೆದ ನನ್ನನ್ನು ರತ್ನವ್ವ ಮೊಣಕೈಯಿಂದ ತಿವಿದಳು. "ಸುಮ್ನಿರು" ಎಂದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಮದುವೆ ಮನೆಗೆ ಹೊರಟವರ ಹಾಗಿದ್ದಳು. ವಿಚಿತ್ರವೆಂದರೆ ಅಷ್ಟೂ ದಾರಿಯಲ್ಲಿ ನನಗೂ ಹೆದರಿಕೆ ಆಗಲಿಲ್ಲ.

ಹರಿಯಾಣದ ಮೈದಾನದಲ್ಲಿ ನಮ್ಮನ್ನು ನೋಡಿ ಮೊದಲು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ದಕ್ಷಿಣದ ಹೆಂಗಸರು, ಮೊದಲ ಸಲ ಪ್ಯಾಂಟು ಹಾಕಿದವರು, ಸೊಂಟದ ಲಾಡಿ ಸರಿ ಮಾಡಿಕೊಳ್ಳುತ್ತ ನಿಂತವರು. ಮೇಷ್ಟ್ರಿಗೂ ಒಂದು ಆಟ ಗೆದ್ದರೆ ಸಾಕು ಎಂಬ ಆಸೆ ಇತ್ತಷ್ಟೆ. ಮೊದಲ ಆಟದಲ್ಲಿ ಸಾವಿತ್ರಕ್ಕ "ಐ" ಎಂದಳು, ಎಂಟು ಎದೆ ಉಬ್ಬಿದವು. "ಸಾ" ಎಂದಾಗ ಹದಿನಾರು ಕಾಲು ಒಂದೇ ಸಲ ಬಿದ್ದವು. ಎದುರಿನವರು ಗೆರೆ ದಾಟಿ ಬಂದೇಬಿಟ್ಟರು. ಮೇಷ್ಟ್ರು ಟೋಪಿ ತೆಗೆದು ಕೈಯಲ್ಲಿ ಹಿಡಿದು, "ಏನ್ರಮ್ಮಾ, ಇದನ್ನ ಯಾವಾಗ ಕಲಿತ್ರಿ?" ಎಂದು ಕೇಳಿದರು. ಲಾಡ್ಜಿನ ತಾರಸಿ ಮೇಲೆ ಎಂದರೆ ಅವರಿಗೆ ಅರ್ಥವಾಗಲಿಲ್ಲ. ಹಾಗೇ ಗೆಲ್ಲುತ್ತ ಹೋದೆವು. ಮರುದಿನ ಫೈನಲ್ಲಿಗೆ ಆ ನಾಡಿನವರೇ ಎದುರಾದರು. ಎಮ್ಮೆ ಸಾಕಿ, ಹಾಲು ಕುಡಿದು ಬೆಳೆದವರು. ಅವರ ಕೊನೆಯವಳು ನನಗಿಂತ ಒಂದು ಪಟ್ಟು ಹೆಚ್ಚೇ ಇದ್ದಳು.

ಮೊದಲ ಎಳೆತ ಅವರು ಗೆದ್ದರು. ಎರಡನೆಯದು ನಾವು. ಮೂರನೆಯದು ಮುಗಿಯುವ ಹಾಗೆಯೇ ಕಾಣಲಿಲ್ಲ. ಒಂದು ಗೇಣು ಆಚೆ, ಒಂದು ಗೇಣು ಈಚೆ. ಅಂಗೈಯ ಚರ್ಮ ಕಿತ್ತು ಹಗ್ಗ ಜಾರತೊಡಗಿತು. ರತ್ನವ್ವನ ಬೆನ್ನು ನಡುಗುವುದು ನನ್ನ ಕಣ್ಣೆದುರೇ ಇತ್ತು. ನನ್ನ ಹಿಮ್ಮಡಿ ಮಣ್ಣಿನಲ್ಲಿ ಗೆರೆ ಕೊರೆಯುತ್ತ ಮುಂದಕ್ಕೆ ಜಾರಿತು. ಇನ್ನು ಆಗದು ಎಂದು ಮೈಯೇ ನನಗೆ ಹೇಳಿತು.

ಆ ಹೊತ್ತಿನಲ್ಲಿ ಆದದ್ದು ಇಷ್ಟು. ಕೊನೆಯವಳ ಹಿಂದೆ ಹಗ್ಗದ ಬಾಲ ನೆಲದ ಮೇಲೆ ಸಡಿಲವಾಗಿ ಬಿದ್ದಿರುತ್ತದೆ. ಅದನ್ನು ಯಾರೂ ಮುಟ್ಟುವ ಹಾಗಿಲ್ಲ, ಹಿಂದೆ ಯಾರೂ ನಿಲ್ಲುವ ಹಾಗೂ ಇಲ್ಲ. ಆ ಬಾಲ ಬಿಗಿಯಾಯಿತು. ನನ್ನ ಬೆನ್ನಿಗೆ ಸುತ್ತಿದ ಹಗ್ಗ ಹಿಂದಕ್ಕೆ ಹೋಗಿ ಬಿಗಿದದ್ದು ಚೆನ್ನಾಗಿ ಗೊತ್ತಾಯಿತು. ಕಿವಿಯ ಹಿಂದೆ ಒಂದು ದೊಡ್ಡ ಉಸಿರು ಕೇಳಿತು. ಸಾವಿತ್ರಕ್ಕ ಮುಂದಿನಿಂದ "ಐ" ಎಂದಳು. "ಸಾ" ಎಂಬುದು ನನಗೆ ಹಿಂದಿನಿಂದ ಕೇಳಿಸಿತು. ನನ್ನ ಕಾಲು ತಾನಾಗಿಯೇ ಬಿತ್ತು. ಎಲ್ಲರ ಕಾಲೂ ಬಿದ್ದವು. ಮತ್ತೊಮ್ಮೆ. ಇನ್ನೊಮ್ಮೆ. ಸೀಟಿ ಕೇಳಿದಾಗ ನಾನು ಬೆನ್ನ ಮೇಲೆ ಬಿದ್ದು ಆಕಾಶ ನೋಡುತ್ತಿದ್ದೆ, ರತ್ನವ್ವ ನನ್ನ ಹೊಟ್ಟೆಯ ಮೇಲೆ ಬಿದ್ದು ಅಳುತ್ತಿದ್ದಳು. ಸೊರಬ, ಶಿಕಾರಿಪುರ ಎಂಬ ಭೇದವಿಲ್ಲದೆ ಒಬ್ಬರ ಮೇಲೊಬ್ಬರು ರಾಶಿ ಬಿದ್ದೆವು. ಮೇಷ್ಟ್ರು ಆ ರಾಶಿಯ ಸುತ್ತ ಕುಣಿಯುತ್ತಿದ್ದರು.

ಎದ್ದು ಮೊದಲು ಹಿಂದೆ ನೋಡಿದೆ. ಯಾರೂ ಇರಲಿಲ್ಲ. ಹಗ್ಗದ ಬಾಲ ಮಾತ್ರ ಬಾಣದ ಹಾಗೆ ನೆಟ್ಟಗೆ ಬಿದ್ದಿತ್ತು.

ಎದುರಿನ ತಂಡದವರು ಆಗಲೇ ತಕರಾರು ತೆಗೆದಿದ್ದರು. ಒಂಬತ್ತು ಜನ ಎಳೆದರು, ನಾವೇ ನೋಡಿದೆವು ಎಂದು. ತೀರ್ಪುಗಾರರು ಬಂದು ನಮ್ಮನ್ನು ಸಾಲಾಗಿ ನಿಲ್ಲಿಸಿ ಎಣಿಸಿದರು. ಎಂಟು. ಮೇಷ್ಟ್ರು ಫೋನಿನಲ್ಲಿ ತೆಗೆದ ವೀಡಿಯೋ ತೋರಿಸಿದರು. ಅದರಲ್ಲೂ ಎಂಟು. ಚಿತ್ರದ ಅಂಚು ನನ್ನ ಬೆನ್ನಿಗೇ ಮುಗಿದಿತ್ತು. ಹಿಂದಿನ ಹಗ್ಗ ಅದರಲ್ಲಿ ಇರಲಿಲ್ಲ. ತೀರ್ಪು ನಮ್ಮ ಕಡೆಗೇ ಉಳಿಯಿತು. ಬಹುಮಾನದ ಕಪ್ಪು ಕೊಟ್ಟಾದ ಮೇಲೆ ಅವರ ಕೊನೆಯವಳು, ಆ ದೊಡ್ಡ ಹೆಂಗಸು, ಬಂದು ನನ್ನನ್ನು ತಬ್ಬಿಕೊಂಡಳು. ಅವಳಿಗೆ ಸಿಟ್ಟಿರಲಿಲ್ಲ. ನನಗೆ ಬರುವ ಅರೆಬರೆ ಹಿಂದಿಯಲ್ಲಿ ಅರ್ಥವಾದದ್ದು ಇಷ್ಟು: ನಿನ್ನ ಹಿಂದೆ ನಿಂತಿದ್ದಳಲ್ಲ, ಆ ಅಕ್ಕನಿಗೂ ನನ್ನ ನಮಸ್ಕಾರ ಹೇಳು.

ವಾಪಸು ಬರುವಾಗ ಹುಬ್ಬಳ್ಳಿಯಲ್ಲಿ ಇಳಿದವರೇ ಆ ಲಾಡ್ಜಿಗೆ ಹೋದೆವು. ಯಜಮಾನರು ಕಪ್ಪು ನೋಡಿ ಪೇಡೆ ತರಿಸಿ ಹಂಚಿದರು. ನಾವು ಎಂಟೂ ಜನ ಅವರ ಮುಂದೆ ಸಾಲಾಗಿ ನಿಂತು, ರೂಮು ನೋಡಲು ಬಂದವಳು ಇವರಲ್ಲಿ ಯಾರು ಎಂದು ಕೇಳಿದೆವು. ಅವರು ಕನ್ನಡಕ ಏರಿಸಿ ಒಬ್ಬೊಬ್ಬರನ್ನೇ ನೋಡಿದರು.

"ಯಾರೂ ಅಲ್ರಿ. ಅವರು ನಿಮಗಿಂತ ಎತ್ತರ. ಬಾಗಲದಾಗ ತೆಲಿ ಬಗ್ಗಿಸಿ ಒಳಗ ಬಂದ್ರು."

ನನ್ನ ಫೋನಿನಲ್ಲಿದ್ದ ನೀಲಮ್ಮನ ಫೋಟೋ ತೋರಿಸಿದೆ. ಅದಕ್ಕೂ ತಲೆ ಅಲ್ಲಾಡಿಸಿದರು. ನೀಲಮ್ಮ ನನ್ನ ಭುಜಕ್ಕೂ ಬಾರದವಳು, ಆ ಹೊತ್ತಿನಲ್ಲಿ ಮೊಮ್ಮಗಳನ್ನು ಎತ್ತಿಕೊಂಡು ಆಸ್ಪತ್ರೆಯಲ್ಲಿ ಕೂತಿದ್ದವಳು.

"ಮಾತು ಹೆಂಗಿತ್ತು?" ಎಂದು ಸಾವಿತ್ರಕ್ಕ ಕೇಳಿದಳು.

"ನಿಮ್ಮ ಕಡೇದ."

"ನಮ್ಮ ಕಡೇದು ಅಂದ್ರೆ? ಸೊರಬದ್ದಾ, ಶಿಕಾರಿಪುರದ್ದಾ?"

"ನಮಗೇನ್ ತಿಳೀತೈತ್ರಿ, ನಮಗ ಎರಡೂ ಒಂದ" ಎಂದು ಅವರು ನಕ್ಕರು.

ಊರಿಗೆ ಬಂದಾಗ ಆದ ಸಂಭ್ರಮ ಹೇಳಿ ಮುಗಿಯುವುದಿಲ್ಲ. ಟ್ರ್ಯಾಕ್ಟರಿನಲ್ಲಿ ಕೂರಿಸಿ, ಡೊಳ್ಳು ಬಾರಿಸಿ, ಶಿಕಾರಿಪುರದ ಪೇಟೆಬೀದಿಯಲ್ಲಿ ಒಂದು ದಿನ, ಸೊರಬದಲ್ಲಿ ಒಂದು ದಿನ ಮೆರವಣಿಗೆ ಮಾಡಿದರು. ಯಾವ ಊರಿನಲ್ಲಿ ಮೊದಲು ಎಂದು ಎರಡೂ ಕಡೆಯ ಗಂಡಸರು ಜಗಳವಾಡಿದರು, ನಾವು ಹೆಂಗಸರು ಬಿದ್ದು ಬಿದ್ದು ನಕ್ಕೆವು. ನನ್ನ ಕೊರಳಿಗೆ ಹಾಕಿದ ಹಾರಗಳ ಮರೆಯಲ್ಲಿ ಪಕ್ಕದಲ್ಲಿದ್ದ ನನ್ನ ಗಂಡ ಕಾಣಿಸದೇ ಹೋದ. ಆವತ್ತಿನಿಂದ ನನ್ನ ಮೈ ನೋಡಿ ಯಾರೂ ಏನೂ ಅಂದಿಲ್ಲ. ಈಗ ಹೆಣ್ಣುಮಕ್ಕಳು ಗಿರಣಿಗೆ ಬಂದವರು ಹೇಗೆ ಮೂಟೆ ಎತ್ತಬೇಕು ಎಂದು ಕೇಳಿ ಕಲಿತು ಹೋಗುತ್ತಾರೆ.

ಅವಳು ಯಾರು ಎಂಬುದಕ್ಕೆ ನಮ್ಮಲ್ಲೇ ಹಲವು ಉತ್ತರಗಳಿವೆ. ಚಂದ್ರಗುತ್ತಿ ಬೆಟ್ಟದ ಮೇಲಿನ ದೇವಿ, ಆ ಅಮ್ಮನೇ ಬಂದಳು ಎನ್ನುತ್ತಾಳೆ ಸಾವಿತ್ರಕ್ಕ. ರತ್ನವ್ವನಿಗೆ ಅದು ಅವಳ ಅಜ್ಜಿ. ಟಗರನ್ನು ಎರಡೂ ಕೈಯಲ್ಲಿ ಎತ್ತಿ ಹಳ್ಳ ದಾಟಿಸುತ್ತಿದ್ದ ಹೆಂಗಸಂತೆ, ತುಂಬ ಎತ್ತರವಂತೆ. ಮೇಷ್ಟ್ರು, ದಣಿದಾಗ ಮನಸ್ಸು ಹಾಗೆ ಮಾಡುತ್ತದೆ ಎನ್ನುತ್ತಾರೆ. ಲಾಡ್ಜಿನ ಯಜಮಾನರು ದಣಿದಿದ್ದರೇ ಎಂದು ನಾನು ಕೇಳಿದರೆ ಟೋಪಿ ಸರಿಮಾಡಿಕೊಂಡು ಎದ್ದುಬಿಡುತ್ತಾರೆ. ನಾನು ಮಾತ್ರ ಯಾವುದನ್ನೂ ಒಪ್ಪಿಲ್ಲ. ಸ್ಮಶಾನದ ಪಕ್ಕದ ಗಿರಣಿಯಲ್ಲಿ ಈಗಲೂ ಒಬ್ಬಳೇ ಕೂರುತ್ತೇನೆ, ಏನೂ ಕಂಡಿಲ್ಲ, ಏನೂ ಕೇಳಿಸಿಲ್ಲ.

ಕೆಲವರು ಕೇಳುತ್ತಾರೆ, ಹಾಗಾದರೆ ನೀವು ಎಂಟು ಜನವೇ ಇದ್ದಿದ್ದರೆ ಸೋಲುತ್ತಿದ್ದಿರಾ ಎಂದು. ಆ ಪ್ರಶ್ನೆಗೆ ನನಗೆ ಸಿಟ್ಟು ಬರುತ್ತದೆ. ನಮ್ಮ ಅಂಗೈಗಳನ್ನು ನೋಡಿ ಎನ್ನುತ್ತೇನೆ. ಆ ಹಗ್ಗವನ್ನು ನಾವು ಎಳೆದಿದ್ದೇವೆ, ಗೆದ್ದವರು ನಾವೇ. ಎಷ್ಟು ಜನ ಎಂದು ಮಾತ್ರ ನನ್ನನ್ನು ಕೇಳಬೇಡಿ.